ಮುಖ ಕೆಳಗಾದ ಚಕ್ರಗಳು

ಮರ್ವಿನ್ ಟ್ರೆಂಬಾತ್ ಬದುಕಿಡೀ ರಸ್ತೆ ಬದಿಯಲ್ಲಿ ಗುಂಡಿ ತೋಡಿದವನು. ಸಮುದ್ರದಂಚಿನ ಹಳೆ ಗಣಿ ಊರು ಮೂಂಟಾದ ಸುತ್ತಿನ ರಸ್ತೆಗಳಲ್ಲಿ ಅಪಘಾತವಾಗಿ ಯಾರಾದರೂ ಸತ್ತರೆ ಆ ಜಾಗದಲ್ಲೊಂದು ಕಪ್ಪು ಕಂಬ ನೆಡಬೇಕು. ಪೆಟ್ಟು ತಿಂದು ಬದುಕಿಕೊಂಡರೆ ಕೆಂಪು ಕಂಬ. ನೆಡುವ ಕೆಲಸ ಅವನದು. ಜನ ಅವನನ್ನು ‘ಕಂಬದ ಮರ್ವ್’ ಎಂದೇ ಕರೆಯುತ್ತಿದ್ದರು. ಅವನೆದುರು ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ, ಅವನಿಗೂ ಅದೇ ಬೇಕಿತ್ತು.

ಈ ಕಡೆ ಎದುರಿಗೆ ಬರುವ ಗಾಡಿಗೆ ಸ್ಟೀರಿಂಗ್ ಮೇಲಿಂದಲೇ ಒಂದು ಬೆರಳು ಎತ್ತುವುದು ವಾಡಿಕೆ. ಗುರುತು ಇರಲಿ ಬಿಡಲಿ, ಎತ್ತದವನು ಸೊಕ್ಕಿನವನೆಂದೇ ಲೆಕ್ಕ. ಮರ್ವ್ ಕಪ್ಪು ಕಂಬಗಳಿಗೂ ಬೆರಳು ಎತ್ತುತ್ತಿದ್ದ. ಮಗಳು ಟೆಗನ್ ಚಿಕ್ಕವಳಿದ್ದಾಗ, “ಸತ್ತವರೂ ತಿರುಗಿ ಎತ್ತುತ್ತಾರಾ ಅಪ್ಪಾ?” ಎಂದು ಕೇಳಿದ್ದಳು.

“ಎತ್ತಲ್ಲ ಮಗಳೇ. ನಾವು ಎತ್ತಬೇಕು, ಅಷ್ಟೇ.”

ಆ ಟೆಗನ್ ಈಗ ನರ್ಸ್. ಪಕ್ಕದ ಊರು ವಲ್ಲರೂವಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಸೋಮವಾರದಿಂದ ಹೋಗಬೇಕಿತ್ತು. ಮರ್ವ್ ತನ್ನ ಹಳೆಯ ಫಾಲ್ಕನ್ ಕಾರನ್ನು ಅವಳಿಗೆ ಕೊಡುತ್ತೇನೆಂದ. ಎಂಜಿನ್ ಇನ್ನೂ ಗಟ್ಟಿಯಾಗಿತ್ತು, ಆದರೆ ಕಬ್ಬಿಣದ ಚಕ್ರಗಳು ಸಮುದ್ರದ ಗಾಳಿಗೆ ತುಕ್ಕು ಹಿಡಿದು ಸಿಪ್ಪೆ ಏಳುತ್ತಿದ್ದವು.

“ಈ ಸುಟ್ಟ ತಪ್ಪಲೆ ಮುಚ್ಚಳಗಳ ಮೇಲೆ ಕೂತ್ಕೊಂಡು ನಾನು ಆಸ್ಪತ್ರೆಗೆ ಹೋಗಲ್ಲ,” ಎಂದಳು ಟೆಗನ್. “ರೋಗಿಗಳೇ ನನ್ನ ನೋಡಿ ಅಯ್ಯೋ ಪಾಪ ಅಂತಾರೆ.”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಮರ್ವ್ ಗೊಣಗಿದನಾದರೂ ಅವನಿಗೂ ಒಳಗೊಳಗೇ ಆಸೆ. ಹಳೆ ಕಾರಿಗೆ ಚಕ್ರ ಆರಿಸುವುದೆಂದರೆ ಈ ಊರಿನ ಗಂಡಸರಿಗೆ ಮಗಳಿಗೆ ಗಂಡು ನೋಡಿದ ಹಾಗೆ. ಅಂಗಡಿಯಲ್ಲಿ ಹೊಸವನ್ನು ನೋಡಿದ. ಎಲ್ಲ ಭಾರೀ ದೊಡ್ಡವು, ಕರ್ರಗೆ ಮಿರುಗುವವು. ಹಾಕಿದರೆ ಅಜ್ಜಿಗೆ ಹೈ ಹೀಲ್ಸ್ ತೊಡಿಸಿದಂತೆ. ಕೆಲವು ಬೋಲ್ಟಿಗೆ ಹೊಂದುತ್ತಿದ್ದವು, ಆದರೆ ಮಡ್‌ಗಾರ್ಡಿನ ಆಚೆ ಚಾಚಿಕೊಳ್ಳುತ್ತಿದ್ದವು; ತಿರುಗಿಸಿದರೆ ಟೈರ್ ತಗುಲುವುದು ಖಂಡಿತ. ಮಗಳು ಕೂರುವ ಗಾಡಿ ಅದು. ಚಂದಕ್ಕಿಂತ ಮೊದಲು ಅವಳು ಮನೆ ಸೇರಬೇಕು.

ಕೊನೆಗೆ ಕ್ಲ್ಯಾರಿಯ ಗುಜರಿಗೆ ಹೋದ. ಕ್ಲ್ಯಾರಿ ಯಾರದೋ ಕೆಟ್ಟ ಟ್ರ್ಯಾಕ್ಟರ್ ಎಳೆದು ತರಲು ಹೋಗಿದ್ದ. ಅವನ ಹೆಂಡತಿ ಕಿಟಕಿಯಿಂದಲೇ, “ಬೇಕಾದ್ದು ಎತ್ಕೊಂಡು ಹೋಗು ಮರ್ವ್, ಮೀನು ಹಿಡಿದಾಗ ಎರಡು ಕೊಡು,” ಎಂದಳು. ಹಿಂದಿನ ಗೋಡೆಯ ಬದಿಗೆ, ತಗಡಿನ ನೆರಳಲ್ಲಿ, ಹಲವು ಚಕ್ರಗಳನ್ನು ಮುಖ ಕೆಳಗೆ ಮಾಡಿ ಅಟ್ಟಿ ಹಾಕಿದ್ದರು. ಬಿಸಿಲಿಗೆ ಹೊಳಪು ಹೋಗಬಾರದೆಂದು ಮರ್ವ್ ತನ್ನ ಶೆಡ್ಡಿನಲ್ಲೂ ಹಾಗೇ ಇಡುತ್ತಿದ್ದ. ಒಂದನ್ನು ಮಗುಚಿ ನೋಡಿದ. ಐದು ಉದ್ದ ಕಿಂಡಿಯ ಅಲಾಯ್ ಚಕ್ರ, ಫಾಲ್ಕನ್ ಹುಟ್ಟಿದ ಕಾಲದ್ದೇ. ಒರೆಸಿದರೆ ಬೆಳ್ಳಿ. ಅಂಥವು ನಾಲ್ಕೂ ಇದ್ದವು. ಹಳೆ ಟೈರ್ ಕಿತ್ತು ಹೊಸತು ಹಾಕಿಸಿದ. ಅವು ಫಾಲ್ಕನ್‌ಗೆಂದೇ ಕಾದಿದ್ದಂತೆ ಕೂತವು.

ಟೆಗನ್ ನೋಡಿ ಕುಣಿದಳು. ಒಂದು ಸುತ್ತು ಹೋಗಿ ಬಂದು ಇಳಿಯುವಾಗ ಮಾತ್ರ ಹಿಂದಿನ ಸೀಟಿನಿಂದ ಚೀಲ ತೆಗೆದಳು.

“ಮುಂದೆ ಪಕ್ಕದಲ್ಲೇ ಇಟ್ಕೋಬಹುದಿತ್ತಲ್ಲ?” ಎಂದ ಮರ್ವ್.

“ಗೊತ್ತಿಲ್ಲಪ್ಪ. ಅದು ಯಾರದ್ದೋ ಜಾಗ ಅನ್ನಿಸ್ತು.”

ಹೊಸ ಚಕ್ರ ಹಾಕಿದ ಮೇಲೆ ನಾಲ್ಕು ದಿನ ಓಡಿಸಿ ನಟ್ಟು ಮತ್ತೆ ಬಿಗಿಯಬೇಕು. ಮರ್ವ್ ದಿನಾ ಸಂಜೆ ಮಗಳು ಹೋಗಬೇಕಾದ ರಸ್ತೆಯಲ್ಲೇ ಓಡಿಸಿದ. ವೇಗ ಏರಿದರೆ ಕಿಂಡಿಗಳಿಂದ ಗುಂಯ್ ಎಂದು ಒಂದು ಹಾಡು ಏಳುತ್ತಿತ್ತು, ಕೇಳಲು ಹಿತ. ಆದರೆ ದಾರಿಯಲ್ಲಿ ರೊವೀನಾ ಎಂಬವಳ ತಿಂಡಿ ಅಂಗಡಿಯ ಹತ್ತಿರದ ತಿರುವು ಬಂದರೆ ಸ್ಟೀರಿಂಗ್ ಅವನ ಕೈಯಲ್ಲಿ ನಿಲ್ಲದು. ನಾಯಿ ಹಗ್ಗ ಜಗ್ಗುವಂತೆ ಎಡಕ್ಕೆ, ಕಪ್ಪು ಕಂಬದ ಕಡೆಗೆ, ಜಗ್ಗುತ್ತಿತ್ತು. ನಟ್ಟು ಬಿಗಿಯಾಗಿಯೇ ಇದ್ದವು. ಬೇರೆ ಯಾವ ತಿರುವಿನಲ್ಲೂ ಹಾಗಾಗಲಿಲ್ಲ. ಪ್ರತಿ ಸಲವೂ ರೊವೀನಾ ಅಂಗಡಿಯ ಜಗಲಿಯ ಮೇಲೆ ಎದ್ದು ನಿಂತಿರುತ್ತಿದ್ದಳು, ಗಾಡಿ ಕಣ್ಣಿಗೆ ಬೀಳುವ ಮೊದಲೇ.

ಮರ್ವ್‌ಗೆ ಆ ಕಂಬ ಚೆನ್ನಾಗಿ ಗೊತ್ತಿತ್ತು. ರೊವೀನಾಳನ್ನು ಮದುವೆಯಾಗಬೇಕಿದ್ದ ಡೆನ್ಜಿಲ್‌ನದು. ಹರೆಯದಲ್ಲಿ ಅವಳನ್ನು ಕರೆದೊಯ್ಯಲು ಬರುತ್ತಿದ್ದವನು ಅಂಗಡಿ ಮುಟ್ಟಲಿಲ್ಲ. ಮರ್ವ್ ಕಂಬ ನೆಟ್ಟ ದಿನ ಅವಳೇ ಬಂದು ಅದನ್ನು ನೆಟ್ಟಗೆ ಹಿಡಿದುಕೊಂಡಿದ್ದಳು, ಅವನು ಸುತ್ತ ಮಣ್ಣು ತುಳಿದಿದ್ದ. ಆಮೇಲೆ ಅವಳು ಮದುವೆಯಾಗಲಿಲ್ಲ, ಅಂಗಡಿಯನ್ನೂ ಬಿಡಲಿಲ್ಲ. ಅವಳಿಗೆ ತಲೆ ಕೆಟ್ಟಿದೆ ಎನ್ನುವವರ ನಾಲಿಗೆಗೆ ಮೂಳೆಯಿಲ್ಲ, ಅಷ್ಟೇ; ವ್ಯಾಪಾರದಲ್ಲಿ ಅವಳನ್ನು ಏಮಾರಿಸಿದವನು ಇನ್ನೂ ಹುಟ್ಟಿಲ್ಲ.

ಶನಿವಾರ ಮರ್ವ್ ಗಾಡಿ ನಿಲ್ಲಿಸಿದ.

“ಅಂತೂ ನಿಲ್ಲಿಸಿದ್ಯಲ್ಲ,” ಎಂದಳು ರೊವೀನಾ. ಒಳಗೆ ಹೋಗಿ ಕಾಗದದಲ್ಲಿ ಎರಡು ಪೇಸ್ಟಿ ಸುತ್ತಿ ತಂದಳು. ಕರ್ಜಿಕಾಯಿಯ ಹಾಗೆ ಅಂಚು ಮಡಿಸಿ, ಒಳಗೆ ಮಾಂಸ ಆಲೂಗಡ್ಡೆ ತುಂಬಿದ ಈ ಪೇಸ್ಟಿಗಳ ಮೂಲೆಯಲ್ಲಿ ತಿನ್ನುವವರ ಹೆಸರಿನ ಮೊದಲ ಅಕ್ಷರ ಕೊರೆಯುವುದು ಗಣಿಯಲ್ಲಿ ದುಡಿದ ಅಜ್ಜಂದಿರ ಕಾಲದ ಪದ್ಧತಿ. “ಎಮ್ ನಿಂದು. ಡಿ ಅವನದ್ದು. ಅವನು ಇಳಿಯೋ ಹಾಗೆ ಕಾಣಲ್ಲ, ನೀನೇ ಕೈಗೆ ಕೊಟ್ಬಿಡು.”

“ರೊವೀನಾ, ಗಾಡೀಲಿ ನಾನೊಬ್ನೇ ಇರೋದು.”

ಅವಳು ಅವನ ಭುಜದಾಚೆ ಪಕ್ಕದ ಸೀಟನ್ನು ನೋಡಿ ನಕ್ಕಳು. “ಸೋಮವಾರದಿಂದ ಗಾಡಿ ನಿನ್ನ ಮಗಳಿಗಂತೆ? ಅವಳ ಜತೆಗೂ ಹೋಗ್ತಾನೆ. ಹೇಳಿರು ಅವಳಿಗೆ, ಈ ತಿರುವಲ್ಲಿ ಮಾತ್ರ ಅವನ ಮಾತು ಕೇಳ್ಬೇಡ ಅಂತ. ಜೋರಾಗಿ ಹೋಗು, ಇನ್ನೂ ಜೋರಾಗಿ ಅಂತಾನೆ.”

ಮರ್ವ್ ಪೇಸ್ಟಿಗಳನ್ನು ತೆಗೆದುಕೊಂಡು ಗಾಡಿ ಹತ್ತಿದ. ತನಗಾಗಿ ಅವನು ಎಂದೂ ಹೆದರಿದವನಲ್ಲ. ಈಗ ಮಗಳಿಗಾಗಿ ಹೆದರಿದ. ಮನೆಗೆ ಬಂದು ಕಾಗದ ಬಿಚ್ಚಿದರೆ ಎಮ್ ಎಂದಿದ್ದ ಪೇಸ್ಟಿ ಇನ್ನೂ ಕೈ ಸುಡುತ್ತಿತ್ತು. ಡಿ ಎಂದಿದ್ದದ್ದು ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಎರಡೂ ಒಂದೇ ಒಲೆಯಿಂದ, ಒಂದೇ ಕಾಗದದಲ್ಲಿ ಬಂದವು.

ಭಾನುವಾರ ಬೆಳಿಗ್ಗೆಯೇ ಕ್ಲ್ಯಾರಿಯ ಬಾಗಿಲು ಬಡಿದು ಚಕ್ರಗಳ ಸಂಗತಿ ಹೇಳಿದ.

“ಯಾವ ಅಟ್ಟಿಯಿಂದ ತಗೊಂಡೆ?” ಕ್ಲ್ಯಾರಿಯ ಮುಖ ಬಿಳುಚಿತು.

“ಗೋಡೆ ಪಕ್ಕದ್ದು. ಬಿಸಿಲಿಗೆ ಹಾಳಾಗ್ಬಾರ್ದು ಅಂತ ಮಗುಚಿ ಇಟ್ಟಿದ್ಯಲ್ಲ.”

“ಬಿಸಿಲಿಗಾ? ನಿನ್ನ ತಲೆ! ಅವು ಸತ್ತವರ ಗಾಡೀವು ಕಣೋ. ನಮ್ಮಪ್ಪನ ಕಾಲದಿಂದ ಹಾಗೇ ಮುಖ ಕೆಳಗೆ ಮಾಡಿ ಇಡೋದು. ಮಾರಲ್ಲ, ಕರಗಿಸಲ್ಲ. ಊರಿಗೆಲ್ಲ ಗೊತ್ತು.”

“ನನಗೆ ಯಾರೂ ಹೇಳ್ಲಿಲ್ಲ.”

“ಕಂಬ ನೆಡೋನಿಗೆ ಯಾವನು ಹೇಳ್ತಾನೆ ಮಾರಾಯ? ನಿನಗೆ ನಮಗಿಂತ ಮೊದಲೇ ಗೊತ್ತಿರುತ್ತೆ ಅಂದ್ಕೊಂಡ್ವಿ.” ಕ್ಲ್ಯಾರಿ ಗಾಡಿಯ ಹತ್ತಿರವೂ ಬರಲಿಲ್ಲ. “ಡೆನ್ಜಿಲ್‌ದು ಅವು. ಆದ್ರೆ ವಾಪಸ್ ತಂದು ಹಾಕ್ಬೇಡ. ಒಂದ್ಸಲ ಮತ್ತೆ ರಸ್ತೆ ಕಂಡ ಮೇಲೆ ಅವು ಇಲ್ಲಿ ಮಲಗಲ್ಲ.”

ಮರ್ವ್ ಮನೆಯಲ್ಲಿ ನಾಲ್ಕನ್ನೂ ಬಿಚ್ಚಿ, ತುಕ್ಕಿನವನ್ನೇ ತಿರುಗಿ ಹಾಕಿದ. ಬೆಳ್ಳಿ ಚಕ್ರಗಳನ್ನು ಡಿಕ್ಕಿಯಲ್ಲೂ ಹಿಂದಿನ ಸೀಟಿನಲ್ಲೂ ಮಲಗಿಸಿ ರೊವೀನಾಳ ಅಂಗಡಿಗೆ ಹೊರಟ. ತಿರುವು ಬಂತು. ಹಿಂದೆ ಸುಮ್ಮನೆ ಬಿದ್ದಿದ್ದ ಚಕ್ರಗಳಿಂದ ಗುಂಯ್ ಎಂದು ಹಾಡು ಎದ್ದಿತು. ಕಾರು ನಡಿಗೆಯ ವೇಗದಲ್ಲಿತ್ತು. ಮರ್ವ್ ವಾಡಿಕೆಯಂತೆ ಕಂಬಕ್ಕೆ ಬೆರಳೆತ್ತಿದ. “ಸ್ವಲ್ಪ ತಡ್ಕೋ ಮಾರಾಯ,” ಎಂದ. “ಇನ್ನು ಹತ್ತು ಮಾರು ಅಷ್ಟೇ. ಆವತ್ತು ಉಳಿದಿದ್ದೂ ಅಷ್ಟೇ ತಾನೆ.”

ರೊವೀನಾ ಜಗಲಿಯಲ್ಲಿ ಕಾಯುತ್ತಿದ್ದಳು. ಮರ್ವ್ ಒಂದೊಂದೇ ಚಕ್ರ ಹೊತ್ತು ತಂದು ಬೆಂಚಿನ ಬಳಿ ಮುಖ ಕೆಳಗೆ ಮಾಡಿ ಇಟ್ಟ. ಅವಳು ಹತ್ತಿರ ಬಂದಳು. ಮಂಡಿಯೂರಿ, ನಾಲ್ಕನ್ನೂ ಎತ್ತಿ ಮಗುಚಿ, ಮುಖ ರಸ್ತೆಗೆ ಮಾಡಿ ಗೋಡೆಗೆ ಒರಗಿಸಿದಳು. ಏಪ್ರನ್ನಿನ ತುದಿಯಿಂದ ಮಕ್ಕಳ ಮುಖ ಒರೆಸಿದಂತೆ ಒಂದೊಂದನ್ನೂ ಒರೆಸಿದಳು. ಆಮೇಲೆ ಬೆಂಚಿನ ಮೇಲೆ ಕೂತು ಅತ್ತಳು. ಮರ್ವ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಕಣ್ಣು ಅವನದೂ ತುಂಬಿತ್ತು.

ಸೋಮವಾರ ತುಕ್ಕು ಚಕ್ರ ನೋಡಿ ಟೆಗನ್ ಮನೆ ಹಾರಿಹೋಗುವಂತೆ ಕೂಗಾಡಿದಳು. ಮರ್ವ್ ಕಾರಣ ಹೇಳಲಿಲ್ಲ. “ರೊವೀನಾ ಅಂಗಡಿ ತಿರುವಲ್ಲಿ ನಿಧಾನ, ಗಾಡಿ ಎಳೆದ್ರೆ ಗಟ್ಟಿಯಾಗಿ ಹಿಡ್ಕೋ,” ಎಂದಷ್ಟೇ ಹೇಳಿದ. ಅವಳು ಮುನಿಸಿಕೊಂಡೇ ಚೀಲವನ್ನು ಪಕ್ಕದ ಸೀಟಿಗೆ ಎಸೆದು ಹೊರಟಳು. ಅದನ್ನು ಕಂಡು ಅವನಿಗೆ ಅರ್ಧ ಜೀವ ಬಂತು, ಉಳಿದರ್ಧಕ್ಕೆ ಸಂಜೆಯವರೆಗೆ ಗೇಟಿನ ಬಳಿಯೇ ಕಾದ.

ಸಂಜೆ ಅವಳು ನಗುತ್ತಾ ಇಳಿದಳು. ಕೈಯಲ್ಲೊಂದು ಪೇಸ್ಟಿ, ಮೂಲೆಯಲ್ಲಿ ಟಿ.

“ರೊವೀನಾ ಆಂಟಿ ಕರೆದು ಕೊಟ್ರು. ಗಾಡಿ ಚೂರೂ ಎಳೀಲಿಲ್ಲಪ್ಪ. ಅದ್ಸರಿ, ಆಂಟಿ ಅಂಗಡೀಲಿ ಯಾರದು ಹುಡುಗ? ಜಗಲಿ ಬೆಂಚಿನ ಮೇಲೆ ಚಕ್ರಗಳ ಪಕ್ಕ ಕೂತಿದ್ದ.”

ಮರ್ವ್ ಗೇಟನ್ನು ಗಟ್ಟಿಯಾಗಿ ಹಿಡಿದುಕೊಂಡ. “ಏನಂದ?”

“ಏನೂ ಅನ್ಲಿಲ್ಲ. ನಾನು ಹೊರಡುವಾಗ ನನ್ನ ಗಾಡಿ ಕಡೆ ನೋಡಿ ಒಂದು ಬೆರಳು ಎತ್ತಿದ,” ಎಂದಳು ಟೆಗನ್. “ಥೇಟ್ ನಿನ್ನ ಹಾಗೇ.”