ಒಂದೇ ಕೇಬಲ್, ಎರಡು ಅರ್ಜಿ

ಕಳ್ಳ ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಹುಡುಕುವ ಕಷ್ಟ ಇಲ್ಲ, ನನಗೂ ಕೊನೆಯ ತನಕ ಒಳ್ಳೆಯವನ ಮುಖ ಹೊತ್ತು ತಿರುಗುವ ಕಷ್ಟ ಇಲ್ಲ. ನಾನು ಕದ್ದದ್ದು ಇನ್ನೊಬ್ಬರು ಮಾಡಿದ ಕೆಲಸವನ್ನು. ಅದನ್ನು ನಾನೇ ಮಾಡಿದೆನೆಂದು ನಾಲ್ಕು ಪುಟ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ‘ಮೇಲಿನದೆಲ್ಲ ಸತ್ಯ’ ಎಂದು ಸಹಿ ಹಾಕಿ, ತಿರುವನಂತಪುರದಲ್ಲಿ ಎಂಜಿನಿಯರುಗಳನ್ನೂ ಟೆಕ್ನಿಶಿಯನ್ನರನ್ನೂ ನೋಂದಾಯಿಸುವ ಒಂದು ಕಚೇರಿಗೆ ಕಳಿಸಿದೆ. ಕದಿಯುವುದಕ್ಕೂ ಸ್ವಲ್ಪ ಬುದ್ಧಿ ಬೇಕು, ಅದೂ ನನಗಿರಲಿಲ್ಲ. ಆ ಕೆಲಸವನ್ನು ನಿಜವಾಗಿ ಮಾಡಿದವರ ಅರ್ಜಿಯನ್ನೂ ಬರೆದುಕೊಟ್ಟವನು ನಾನೇ. ಅದೇ ಕಚೇರಿಗೆ, ಅದೇ ವಾರ.

ನಮ್ಮದು ಕಾಸರಗೋಡಿನ ಕಡೆಯ ಮನೆ. ಅಪ್ಪ ಕೊಚ್ಚಿಯಲ್ಲಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಇದ್ದದ್ದರಿಂದ ನಾನು ಬೆಳೆದದ್ದು ಎಡಪ್ಪಳ್ಳಿಯ ಬಾಡಿಗೆ ಫ್ಲ್ಯಾಟಿನಲ್ಲಿ. ಅಮ್ಮ ಕನ್ನಡದಲ್ಲಿ ಕೇಳಿದರೆ ತಂಗಿ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ನಾನು ಆ ಹೊತ್ತಿಗೆ ಮನೆಯಲ್ಲಿ ಯಾರಿಲ್ಲವೋ ಅವರ ದನಿಯಲ್ಲಿ ಕೊಡುತ್ತೇನೆ. ಮಿಮಿಕ್ರಿ ನನಗೆ ಬಿಕ್ಕಳಿಕೆಯ ಹಾಗೆ, ತಡೆದರೆ ಇನ್ನೂ ಜಾಸ್ತಿ. “ನೀನು ನೀನಾಗಿ ಊಟಕ್ಕೆ ಬಂದಾಗ ಹೇಳು ಮಾರಾಯ, ಬಡಿಸ್ತೇನೆ” ಎಂದು ಅಮ್ಮ ಸೌಟು ಹಿಡಿದುಕೊಂಡೇ ಕೂತದ್ದುಂಟು.

ಎಂಜಿನಿಯರಿಂಗ್ ಮುಗಿಸಿ ವಲ್ಲಾರ್ಪಾಡಂ ಕಡೆಯ ಒಂದು ಕಂಟೇನರ್ ಯಾರ್ಡಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿನ ಕ್ರೇನುಗಳ ದುರಸ್ತಿಯ ಗುತ್ತಿಗೆ ನಮ್ಮ ಸಣ್ಣ ಕಂಪೆನಿಯದು. ನನಗೆ ಕೆಲಸ ಕಲಿಸಿದವರು ಒಬ್ಬ ಹಿರಿಯ ಟೆಕ್ನಿಶಿಯನ್. ಎಲ್ಲರೂ ಅವರನ್ನು ಕರೆಯುವುದು ಚೇಟ್ಟನ್, ಅಂದರೆ ಅಣ್ಣ ಎಂದು, ನಾನೂ ಹಾಗೇ. ಐಟಿಐ ಓದಿದವರು, ಇಪ್ಪತ್ತೆರಡು ವರ್ಷದಿಂದ ಕ್ರೇನುಗಳ ಹೊಟ್ಟೆಯೊಳಗೇ ಇರುವವರು. ಮಾತಿಗೆ ಮೊದಲು ಮೂಗಿನಲ್ಲಿ ಒಂದು ‘ಹ್ಂ’, ಆಮೇಲೆ ಗಲ್ಲ ಕೆರೆಯುವುದು, ಆಮೇಲೆ ಅರ್ಧ ವಾಕ್ಯ. ಉಳಿದರ್ಧ ನಾವೇ ಊಹಿಸಿಕೊಳ್ಳಬೇಕು. ಕ್ಯಾಂಟೀನಿನಲ್ಲಿ ನಾನು ಆ ‘ಹ್ಂ’ ಹಾಕಿದರೆ ಸಾಕು, ಚಹಾ ಕುಡಿಯುತ್ತಿದ್ದವರ ನೆತ್ತಿಗೆ ಏರುತ್ತಿತ್ತು. ಚೇಟ್ಟನ್ ಸಹ ನಗುತ್ತಿದ್ದರು.

ಇನ್ನು ನಾನು ಕದ್ದ ಕೆಲಸದ, ಅಂದರೆ ಆ ಕೇಬಲ್ಲಿನ ವಿಷಯ. ಕ್ರೇನು ಕಂಟೇನರನ್ನು ಎತ್ತುವ ಮೊದಲು, ಮೇಲಿನಿಂದ ಇಳಿದ ಕಬ್ಬಿಣದ ಚೌಕಟ್ಟು ಪೆಟ್ಟಿಗೆಯ ನಾಲ್ಕು ಮೂಲೆಗೂ ಬೀಗ ಹಾಕಬೇಕು. ಬೀಗ ಬಿದ್ದರೆ ಆಪರೇಟರನ ಎದುರು ಹಸಿರು ದೀಪ ಹತ್ತುತ್ತದೆ, ಹತ್ತದಿದ್ದರೆ ಕ್ರೇನು ಎತ್ತುವುದಿಲ್ಲ. ಒಂದು ಕ್ರೇನಿನಲ್ಲಿ ಆ ದೀಪ ಒಮ್ಮೆ ಹತ್ತಿದರೆ ಒಮ್ಮೆ ಇಲ್ಲ. ನಾವು ಮೂರು ಸಲ ಸೆನ್ಸರ್ ಬದಲಿಸಿದೆವು. ನಾಲ್ಕನೆಯ ದಿನ ಚೇಟ್ಟನ್ ಒಂದು ಗಂಟೆ ಸುಮ್ಮನೆ ನೋಡುತ್ತ ನಿಂತರು. ಚೌಕಟ್ಟು ತೀರಾ ಕೆಳಗೆ ಇಳಿದಾಗ ಮಾತ್ರ ದೀಪ ಕೈಕೊಡುತ್ತದೆ ಎಂದು ಅವರಿಗೆ ಹೊಳೆಯಿತು. ಅಂದರೆ ಮೇಲಿನಿಂದ ಇಳಿಯುವ ಕೇಬಲ್ ಪೂರ್ತಿ ಜೋತು ಎಳೆದುಕೊಂಡಾಗ. ಅವರು ಕೈಗವಸು ಕಳಚಿ, ಕರೆಂಟು ತೆಗೆಸಿ, ಕೇಬಲ್ಲನ್ನು ಗೇಣು ಗೇಣಾಗಿ ಬೆರಳಲ್ಲಿ ಒತ್ತುತ್ತಾ ಹೋದರು. ಒಂದು ಕಡೆ ನಿಂತು, “ಹ್ಂ. ಇಲ್ಲಿ ಒಳಗೆ ಎಲುಬು ಮುರಿದಿದೆ” ಎಂದರು. ಮೀಟರ್ ಹಚ್ಚಿ ಅಲ್ಲಿ ಬಗ್ಗಿಸಿದರೆ ಮುಳ್ಳು ಕುಣಿಯಿತು. ಹೊರಗಿನ ರಬ್ಬರು ಹೊಸದರ ಹಾಗಿತ್ತು, ಒಳಗಿನ ಒಂದು ಎಳೆ ತುಂಡಾಗಿತ್ತು.

ಅಲ್ಲಿ ನನ್ನ ಕೆಲಸ ದುರಸ್ತಿಯ ನಂತರ ಎತ್ತಿಸಿದ ಪೆಟ್ಟಿಗೆಯ ಪಕ್ಕ ನಿಂತು ಬೀಗ ನೋಡುವುದು, ಆಮೇಲೆ ಬರೆಯುವುದು. ನಮ್ಮ ಯಾರ್ಡಿನಲ್ಲಿ ಮೊದಲಿನಿಂದ ಒಂದು ಪದ್ಧತಿ: ಕೆಲಸ ಮಾಡಿದವರು ಕೈ ತೊಳೆಯಲು ಹೋಗುತ್ತಾರೆ, ಇಂಗ್ಲಿಷ್ ಬರುವವನು ಲಾಗ್‌ಬುಕ್ ತುಂಬುತ್ತಾನೆ, ಆಮೇಲೆ ಕೈ ತೊಳೆದವರು ಬಂದು ಓದದೆ ಸಹಿ ಹಾಕುತ್ತಾರೆ. ಹೀಗಾಗಿ ಆ ಪುಟದ ತುಂಬ ನನ್ನ ಅಕ್ಷರ, ಮೂಲೆಯಲ್ಲಿ ಚೇಟ್ಟನ್ನರ ಎರಡಕ್ಷರದ ಸಹಿ. ಯಾರಿಗೂ ಇದರಲ್ಲಿ ತಪ್ಪು ಕಂಡಿರಲಿಲ್ಲ.

ಮುಂದಿನ ವರ್ಷ ಗುತ್ತಿಗೆಯ ಕಾಗದದಲ್ಲಿ ಒಂದು ಹೊಸ ಷರತ್ತು ಬಂತು. ದುರಸ್ತಿಯ ನಂತರ ‘ಕ್ರೇನು ಓಡಿಸಬಹುದು’ ಎಂದು ಸಹಿ ಹಾಕುವವರು ನೋಂದಾಯಿತ ಎಂಜಿನಿಯರ್ ಅಥವಾ ನೋಂದಾಯಿತ ಟೆಕ್ನಿಶಿಯನ್ ಆಗಿರಬೇಕು. ಇಪ್ಪತ್ತೆರಡು ವರ್ಷ ಸಹಿ ಹಾಕಿದ ಚೇಟ್ಟನ್ ಕಾರ್ಡು ತರದಿದ್ದರೆ ಸಹಾಯಕರ ಸಾಲಿಗೆ ಇಳಿಯಬೇಕು. ನಿನ್ನೆ ಬಂದ ನೋಂದಾಯಿತನೊಬ್ಬನಿಗೆ ಸ್ಪ್ಯಾನರ್ ಎತ್ತಿಕೊಡಬೇಕು.

ನೋಂದಣಿಗೆ ಬೇಕಾದದ್ದು ಹೇಳಲು ಸುಲಭ. ಓದಿದ ಪ್ರಮಾಣಪತ್ರ, ಓದು ಕಡಿಮೆಯಾದರೆ ಅಷ್ಟು ವರ್ಷದ ಅನುಭವದ ದಾಖಲೆ. ನಿಮ್ಮ ಕೆಲಸ ಕಣ್ಣಾರೆ ಕಂಡ ಇಬ್ಬರು ನೋಂದಾಯಿತರ ಸಹಿ. ನಾಲ್ಕು ಪುಟದ ವರದಿ, ಅದರಲ್ಲಿ ತೊಡಕೊಂದನ್ನು ನೀವು ಹೇಗೆ ಕಂಡುಹಿಡಿದಿರಿ, ಏನು ತೀರ್ಮಾನ ಮಾಡಿದಿರಿ, ಯಾಕೆ ಮಾಡಿದಿರಿ ಎಂಬುದು. ಕೊನೆಗೆ ಸಂದರ್ಶನ. ಎಂಜಿನಿಯರಿಗೆ ಒಂದು ಫಾರ್ಮು, ಟೆಕ್ನಿಶಿಯನ್ನಿಗೆ ಇನ್ನೊಂದು. ಪ್ರಶ್ನೆ ಮಾತ್ರ ಇಬ್ಬರಿಗೂ ಒಂದೇ.

ಚೇಟ್ಟನ್ ಫಾರ್ಮು ಹಿಡಿದುಕೊಂಡು ನನ್ನ ಹತ್ತಿರ ಬಂದರು. ನಮ್ಮ ಮಾತೆಲ್ಲ ಮಲಯಾಳದಲ್ಲಿ, ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ; ಮಗನೇ ಎನ್ನುವ ಅವರ ‘ಮೋನೇ’ಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

“ಮೋನೇ, ನನ್ನ ಹಾಗೆ ಮಾತಾಡಿ ಎಲ್ಲರನ್ನೂ ನಗಿಸ್ತೀಯಲ್ಲ. ಈಗ ನನ್ನ ಹಾಗೆ ಬರಿ, ನೋಡುವಾ.”

“ನೀವು ಇಂಗ್ಲಿಷಲ್ಲಿ ಹೇಗೆ ಮಾತಾಡ್ತೀರಿ ಅಂತ ನಂಗೆ ಗೊತ್ತಿಲ್ಲ ಚೇಟ್ಟಾ.”

“ನಂಗೂ ಗೊತ್ತಿಲ್ಲ. ಇವತ್ತು ಇಬ್ಬರೂ ಕೇಳುವಾ.”

ಅವರು ಹೇಳಿದರು, ನಾನು ಬರೆದೆ. ಕೇಬಲ್ಲಿನ ಕತೆ ಅವರ ಬಾಯಲ್ಲಿ ಏಳು ವಾಕ್ಯ. ನಾನು ನಾಲ್ಕು ಪುಟ ಮಾಡಿದೆ. ಆಮೇಲೆ ಮನೆಗೆ ಬಂದು ನನ್ನ ವರದಿಗೆ ಕೂತೆ. ಎರಡೂವರೆ ವರ್ಷದಲ್ಲಿ ನಾನೇ ಕಂಡುಹಿಡಿದ ತೊಡಕು ಯಾವುದು ಎಂದು ಹುಡುಕಿದರೆ, ಲಾಗ್‌ಬುಕ್ಕಿನಲ್ಲಿ ಒಳ್ಳೆಯ ಅಕ್ಷರ ಬಿಟ್ಟರೆ ಬೇರೇನೂ ಸಿಗಲಿಲ್ಲ. ಕೇಬಲ್ಲಿನ ಕತೆಯನ್ನು ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ ಚೇಟ್ಟನ್ನರ ದನಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಬೆರಳಿಗೆ ಆ ಮುರಿದ ಎಳೆ ತಾಗಿದ್ದು ನನ್ನದೇ ನೆನಪು ಅನ್ನಿಸತೊಡಗಿತ್ತು. ಒಂದು ಸಾಲು ಬರೆದೆ. ಯಾರೂ ಬಂದು ಕೈ ಹಿಡಿಯಲಿಲ್ಲ. ನಾಲ್ಕು ಪುಟ ತುಂಬಿತು. ಎಂಜಿನಿಯರುಗಳ ಅರ್ಜಿ ಒಬ್ಬರು ನೋಡುತ್ತಾರೆ, ಟೆಕ್ನಿಶಿಯನ್ನರದ್ದು ಇನ್ನೊಬ್ಬರು, ಎರಡೂ ಸೇರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮ ಮ್ಯಾನೇಜರು ಎರಡಕ್ಕೂ ಓದದೆ ಸಹಿ ಹಾಕಿದರು, ಇನ್ನೊಬ್ಬ ನೋಂದಾಯಿತರೂ ಅವರನ್ನು ನೋಡಿ ಹಾಗೇ ಮಾಡಿದರು.

ಒಂದು ತಿಂಗಳ ನಂತರ ಇಬ್ಬರಿಗೂ ಇಮೇಲ್ ಬಂತು. ಚೇಟ್ಟನ್ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, “ಎಂತ ಬರೆದಿದ್ದಾರೆ ಮೋನೇ?” ಎಂದರು. ಅಲ್ಲಿ ಮೂರು ಸಾಲಿತ್ತು. ಸಂದರ್ಶನಕ್ಕೆ ಇಂಥ ದಿನ ಬರಬೇಕು. ಮೂಲ ಲಾಗ್‌ಬುಕ್ ತರಬೇಕು. ಇದೇ ಕೆಲಸವನ್ನು ಇನ್ನೊಬ್ಬ ಅರ್ಜಿದಾರರೂ ತಮ್ಮದೆಂದು ಹೇಳಿರುವುದರಿಂದ ವಿವರಣೆ ಕೊಡಬೇಕು. ನಾನು ಸರಕಾರಿ ಗುಮಾಸ್ತನ ದನಿ ತೆಗೆದು, ಮೂಗಿನ ಮೇಲೆ ಇಲ್ಲದ ಕನ್ನಡಕ ಏರಿಸಿ, ಮೊದಲ ಎರಡು ಸಾಲು ಓದಿದೆ. ಚೇಟ್ಟನ್ ನಕ್ಕರು. ಮೂರನೆಯ ಸಾಲು ಓದದೆ ಫೋನು ವಾಪಸು ಕೊಟ್ಟೆ. ಅಷ್ಟು ಹೊತ್ತಿಗೆ ತಪ್ಪು ಒಪ್ಪಿಕೊಂಡಿದ್ದರೆ ಇದು ಬೈಗುಳದಲ್ಲಿ ಮುಗಿಯುತ್ತಿತ್ತು.

ಬೆಳಗಿನ ರೈಲಿನಲ್ಲಿ ಎರ್ನಾಕುಳಂನಿಂದ ಹೊರಟೆವು. ಚೇಟ್ಟನ್ನರ ಹೆಂಡತಿ, ನಮ್ಮ ಚೇಚ್ಚಿ, ಕಟ್ಟಿಕೊಟ್ಟ ಪುಟ್ಟು, ಬಾಳೆಹಣ್ಣು ಇಬ್ಬರಿಗೂ ಇತ್ತು. ಇಬ್ಬರಿಗೂ ಎಂದು ತಿಳಿದು ನನ್ನ ಪಾಲನ್ನೂ ಅವರ ಕಡೆಗೇ ಸರಿಸಿದೆ. ಚೇಟ್ಟನ್ ಇಸ್ತ್ರಿ ಮಾಡಿದ ಅಂಗಿ ಮುದುಡಬಾರದೆಂದು ಬೆನ್ನು ಸೀಟಿಗೆ ತಾಗಿಸದೆ ಕೂತಿದ್ದರು.

“ನೀನು ಸಾಹೇಬರಾಗು. ನನ್ನನ್ನು ಕೇಳು.”

ನಾನು ಸಾಹೇಬನಾದೆ. ಗಂಟಲು ದಪ್ಪ ಮಾಡಿ ಕೇಳಿದೆ, ಅವರು ಕೈಕಟ್ಟಿ ಉತ್ತರ ಕೊಟ್ಟರು. ಎದುರಿನ ಸೀಟಿನ ಅಜ್ಜಿಯೊಬ್ಬರು ನಕ್ಕು, “ಮಗ ಅಪ್ಪನಿಗೆ ಪಾಠ ಹೇಳ್ತಿದ್ದಾನಾ?” ಎಂದರು. “ಮಗನೇ ಅಂತ ಇಟ್ಕೊಳ್ಳಿ” ಎಂದರು ಚೇಟ್ಟನ್. ಕೊಲ್ಲಂ ದಾಟಿತು, ವರ್ಕಲ ದಾಟಿತು. ಪ್ರತಿ ಸ್ಟೇಷನ್ನಿನಲ್ಲೂ ‘ಈಗ ಹೇಳುತ್ತೇನೆ’ ಎಂದುಕೊಂಡೆ. ರೈಲು ಹೊರಟ ಕೂಡಲೇ ನನಗೆ ಮತ್ತೊಬ್ಬರ ದನಿ ಸಿಗುತ್ತಿತ್ತು, ನನ್ನದು ಸಿಗುತ್ತಿರಲಿಲ್ಲ.

ಚೇಟ್ಟನ್ನರನ್ನು ಮೊದಲು ಕರೆದರು. ಹತ್ತು ನಿಮಿಷಕ್ಕೆ ಹೊರಗೆ ಬಂದು ನನ್ನ ಪಕ್ಕದ ಕುರ್ಚಿ ಬಿಟ್ಟು ಅದರಾಚೆಯದರಲ್ಲಿ ಕೂತರು.

“ನನ್ನ ಕೇಬಲ್ ಇನ್ನೊಂದು ಅರ್ಜಿಯಲ್ಲೂ ಉಂಟಂತೆ.”

ಅವರು ಫೋನು ತೆಗೆದು ನನ್ನತ್ತ ಚಾಚಿದರು.

“ಆ ಇಮೇಲಲ್ಲಿ ಇತ್ತಾ ಇದು?”

“ಇತ್ತು.”

“ಹ್ಂ.” ಗಲ್ಲ ಕೆರೆದುಕೊಳ್ಳಲಿಲ್ಲ. “ನಾವಿಬ್ಬರೂ ಸೇರಿ ಮಾಡಿದ್ದು ಅಂದೆ. ನಿನ್ನ ಓದು ಹಾಳಾಗೋದು ಬೇಡ. ಹೋಗು, ನೀನೂ ಹಾಗೇ ಹೇಳು.”

ಅವರಿಗೆ ತಿಳಿದಿರಲಿಲ್ಲ, ನನಗೆ ಗೊತ್ತಿತ್ತು. ತೀರ್ಮಾನ ನಿಮ್ಮದೇ ಎಂದು ತೋರಿಸಬೇಕಾದ ಕಡೆ ‘ಇಬ್ಬರೂ’ ಎಂದರೆ ಅವರ ಕಾರ್ಡು ಅಲ್ಲಿಗೆ ಮುಗಿದ ಹಾಗೆ. ಲಾಗ್‌ಬುಕ್ಕಿನ ಅಕ್ಷರ ನನ್ನದಾದ್ದರಿಂದ ನಾನು ಬೇಕಾದರೆ ಉಳಿಯಬಹುದಿತ್ತು.

ಒಳಗೆ ಮೂವರಿದ್ದರು. ಇಬ್ಬರು ಗಂಡಸರು, ನಡುವೆ ತುಂಬಾದ ರಾಕೆಟ್ ಕೇಂದ್ರದಲ್ಲಿ ದುಡಿದು ನಿವೃತ್ತರಾದ ಒಬ್ಬ ಮೇಡಂ. ನನ್ನ ಅರ್ಜಿಯಲ್ಲಿ ಮಾತೃಭಾಷೆ ಕನ್ನಡ ಎಂದಿದ್ದನ್ನು ಬೆರಳಲ್ಲಿ ಒತ್ತಿ ಹಿಡಿದಿದ್ದರು. ಹಿರಿಯರೊಬ್ಬರು ಲಾಗ್‌ಬುಕ್ ತಿರುಗಿಸಿ, “ಈ ಅಕ್ಷರ ಯಾರದ್ದು?” ಎಂದರು.

“ನನ್ನದು ಸರ್.”

“ಹಾಗಾದರೆ ಕೆಲಸವೂ?”

ಹೆದರಿದಾಗ ನನ್ನ ಬಾಯಿ ನಮ್ಮ ಮ್ಯಾನೇಜರದ್ದಾಗುತ್ತದೆ. ತಂಡದ ಶ್ರಮ, ಎಲ್ಲರ ಸಹಕಾರ ಎಂದು ಎಣ್ಣೆ ಹಾಕಿದ ದನಿಯಲ್ಲಿ ಶುರುಮಾಡಿದೆ. ಮೇಡಂ ಮೈಸೂರಿನ ಕನ್ನಡದಲ್ಲಿ ತಡೆದರು: “ಯಾರ ಥರ ಮಾತಾಡ್ತಿದ್ದೀಯಪ್ಪಾ? ಅವ್ರನ್ನ ಹೊರಗಡೆ ಕೂರ್ಸಿ ಬಾ.”

ಅಲ್ಲಿಗೆ ನನ್ನ ಅಂಗಡಿ ಮುಚ್ಚಿತು. ಎಲ್ಲ ಹೇಳಿದೆ. ಎರಡು ಅರ್ಜಿ ಬರೆದದ್ದು, ಮೂರನೆಯ ಸಾಲು ನುಂಗಿದ್ದು, ಯಾರ್ಡಿನಲ್ಲಿ ಬರೆಯುವವನೊಬ್ಬ ಮಾಡುವವನೊಬ್ಬ ಎಂಬುದು.

ಹಿರಿಯರಿಗೆ ನಂಬಿಕೆ ಬರಲಿಲ್ಲ. “ಸಹಿ ಹಾಕಿ ಹೇಳಿದ್ದೇ ಸುಳ್ಳು ಅಂತೀಯ. ಬಾಯಲ್ಲಿ ಹೇಳಿದ್ದು ನಿಜ ಅಂತ ಹೇಗೆ ತಿಳಿಯೋದು? ಅವರು ‘ಇಬ್ಬರೂ ಸೇರಿ’ ಅಂತಿದ್ದಾರೆ. ನಮ್ಮ ಮುಂದೆ ಇರೋ ಕಾಗದ ನಿನ್ನ ಕಡೆಗೇ ಇದೆ.”

ಸುಳ್ಳುಗಾರನ ಸತ್ಯಕ್ಕೆ ಬೆಲೆ ಇಲ್ಲ ಎಂದು ನನಗೆ ಆವತ್ತು ತಿಳಿಯಿತು. ನನ್ನ ಹತ್ತಿರ ಉಳಿದದ್ದು ಎರಡು ವರದಿಯಲ್ಲೂ ಇಲ್ಲದ ಒಂದೇ ಸಂಗತಿ. ಚೇಟ್ಟನ್ ಅದನ್ನು ನನ್ನ ಮಾನಕ್ಕಾಗಿ ಬಿಟ್ಟಿದ್ದರು, ನಾನೂ ಅದಕ್ಕಾಗಿಯೇ ಬಿಟ್ಟಿದ್ದೆ.

ಎಳೆ ತುಂಡಾದದ್ದು ಸಿಕ್ಕಿದ ಕೂಡಲೇ, ಕೇಬಲ್ಲಿನಲ್ಲಿ ಬಳಸದೆ ಬಿಟ್ಟ ಎಳೆ ಒಂದುಂಟು, ಅದಕ್ಕೆ ಜೋಡಿಸಿ ಕ್ರೇನು ಬಿಟ್ಟುಕೊಡಿ ಎಂದು ಹೇಳಿದವನು ನಾನು. ಲಾರಿಗಳು ಗೇಟಿನ ತನಕ ನಿಂತಿದ್ದವು, ಮ್ಯಾನೇಜರು ಫೋನಿನಲ್ಲಿ ಕಿರುಚುತ್ತಿದ್ದರು. ಚೇಟ್ಟನ್ ಕೇಳಲಿಲ್ಲ. ಒಂದು ಎಳೆ ಮುರಿದ ಕಡೆ ಪಕ್ಕದವುಗಳ ಚರ್ಮವೂ ಸವೆದಿರುತ್ತದೆ, ಎರಡು ಒಂದಕ್ಕೊಂದು ತಾಗಿದರೆ ಬೀಗ ಬೀಳದಿದ್ದರೂ ಹಸಿರು ದೀಪ ಹತ್ತುತ್ತದೆ ಎಂದು ಹೇಳಿ, ಇಡೀ ಕೇಬಲ್ ಬದಲಿಸುವ ತನಕ ಕ್ರೇನಿನ ಬೀಗದ ಕೈ ಜೇಬಿನಿಂದ ತೆಗೆಯಲಿಲ್ಲ. ಅದಕ್ಕೆ ಒಂದೂವರೆ ದಿನ ಹಿಡಿಯಿತು. ಅಷ್ಟೂ ಹೊತ್ತು ನಾನು ಮ್ಯಾನೇಜರ ಪಕ್ಷ.

ಇದನ್ನೂ ಹೇಳಿದೆ. ಮೇಡಂ ನನ್ನ ಅರ್ಜಿಯ ಮೇಲೆ ಅಡ್ಡಗೆರೆ ಎಳೆದು, ಎರಡು ವರ್ಷ ಈ ಕಡೆ ಬರಬೇಡ ಎಂದರು. ಚೇಟ್ಟನ್ನರ ಕಾರ್ಡು ಆಮೇಲಿನ ತಿಂಗಳು ಬಂತು. ಆದರೆ ಅದು ತೀರ್ಮಾನವಾದದ್ದು ಆ ಕೋಣೆಯಲ್ಲೇ, ನನ್ನ ಮಾತಿನಿಂದಲ್ಲ.

ನನ್ನನ್ನು ಅಲ್ಲೇ ಕೂರಿಸಿಕೊಂಡು ಚೇಟ್ಟನ್ನರನ್ನು ಮತ್ತೆ ಒಳಗೆ ಕರೆಸಿದರು. ಹಿರಿಯರು ನೇರ ಕೇಳಿದರು: “ಬಿಟ್ಟ ಎಳೆಗೆ ಜೋಡಿಸಿ ಅಂತ ಎಂಜಿನಿಯರ್ ಹೇಳಿದ್ದು ನಿಜವಾ?”

ಚೇಟ್ಟನ್ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ.

“ಹೇಳಿದ್ದು ನಿಜ.”

“ಎಂಜಿನಿಯರ್ ಹೇಳ್ತಾನೆ, ಮ್ಯಾನೇಜರ್ ಹೇಳ್ತಾರೆ, ಹೊರಗೆ ಲಾರಿ ನಿಂತಿದೆ. ನೀವು ಒಬ್ಬರೇ ಆಗೋದಿಲ್ಲ ಅಂದಿರಿ. ಅಷ್ಟು ಹಟ ಯಾಕೆ?” ಎಂದರು ಮೇಡಂ.

ಚೇಟ್ಟನ್ ಈ ಸಲ ‘ಹ್ಂ’ ಎನ್ನಲಿಲ್ಲ, ಅರ್ಧಕ್ಕೂ ನಿಲ್ಲಿಸಲಿಲ್ಲ.

“ದೀಪ ಹತ್ತಿದ ಮೇಲೆ ಪೆಟ್ಟಿಗೆ ಎತ್ತಿಸಿ, ಅದರ ಪಕ್ಕ ನಿಂತು ನಾಲ್ಕು ಮೂಲೆ ನೋಡ್ಬೇಕಾದವ ಇವನೇ ಅಲ್ವಾ ಮೇಡಂ!”