ಅಕ್ಕಿ ಹಿಟ್ಟಿನ ಸಪಾದ ಭಕ್ಷ್ಯ

ನನಗೆ ಗೋಧಿ ಆಗದು ಎಂದು ಗೊತ್ತಾದದ್ದು ಕೊರೋನ ಬರುವುದಕ್ಕೆ ಸ್ವಲ್ಪ ಮೊದಲು. ಮಂಗಳೂರಿನ ಡಾಕ್ಟರು ಸೀಲಿಯಾಕ್ ಎಂದರು. ಚಪಾತಿಯ ಒಂದು ಚೂರು ಹೊಟ್ಟೆಗೆ ಹೋದರೂ ಕರುಳು ಕೆಡುತ್ತದಂತೆ, ಬಿಡುವುದೊಂದೇ ಮದ್ದು. ನಾನೇನೂ ಅಳಲಿಲ್ಲ. ದೇವರು ನನ್ನನ್ನು ಹುಟ್ಟಿಸಿದ್ದೇ ಅಕ್ಕಿಯ ಊರಿನಲ್ಲಿ. ರಾಮಕುಂಜದ ನಮ್ಮ ಮನೆಯಲ್ಲಿ ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ. ರೊಟ್ಟಿ ಚಪಾತಿಯ ಸೀಮೆಯಲ್ಲಿ ಹುಟ್ಟಿದ್ದರೆ ಏನು ಮಾಡುತ್ತಿದ್ದೆ?

ಗೋಧಿ ಬಿಟ್ಟ ಮೇಲೆ ಇಳಿದಿದ್ದ ಸುಸ್ತು ಲಾಕ್‌ಡೌನಿನಲ್ಲಿ ಮತ್ತೆ ಏರಿತು. ಬಸ್ಸಿಲ್ಲ. ಇವರು ಪಾಸು ಮಾಡಿಸಿ ನನ್ನನ್ನು ಪುತ್ತೂರಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಪರೀಕ್ಷೆಗೆ ರಕ್ತ ಕೊಡಿಸಿದರು. ರಿಪೋರ್ಟು ವಾಟ್ಸಾಪಿನಲ್ಲಿ ಹೋಯಿತು. ಡಾಕ್ಟರು ವಿಡಿಯೋ ಕಾಲ್ ಮಾಡುತ್ತೇನೆಂದರು. ನಮ್ಮಲ್ಲಿ ಸಿಗ್ನಲ್ ನಿಲ್ಲುವುದು ತುಳಸಿಕಟ್ಟೆಯ ಹತ್ತಿರ ಮಾತ್ರ. ಅಲ್ಲೇ ಕುರ್ಚಿ ಹಾಕಿ ಕೂತೆ. ಅತ್ತೆ ಜಗಲಿಯಲ್ಲಿ ಕಾಲು ನೀಡಿ ಕೂತು ಕೇಳುತ್ತಿದ್ದರು.

“ಅಮ್ಮಾ, ಎಲ್ಲಿಂದಲೋ ನಿಮ್ಮ ಹೊಟ್ಟೆಗೆ ಗೋಧಿ ಹೋಗ್ತಾ ಉಂಟು,” ಎಂದರು ಡಾಕ್ಟರು.

“ಇಲ್ಲ ಡಾಕ್ಟ್ರೇ, ದೇವರಾಣೆ. ಮೈದಾ ಬೆರೆಸ್ತಾರೆ ಅಂತ ಅಂಗಡಿಯ ಇಂಗು ಕೂಡ ಬಿಟ್ಟಿದ್ದೇನೆ.”

“ಹಾಗಾದ್ರೆ ಬೇರೆ ಎಂತದೋ ಇರ್ಬೇಕು. ಇಲ್ಲಿಗೆ ಬನ್ನಿ, ಪುನಃ ಹೊಟ್ಟೆಯೊಳಗೆ ಕ್ಯಾಮರಾ ಬಿಟ್ಟು ನೋಡುವ.”

ಆಸ್ಪತ್ರೆಗೆ ಹೋದವರು ಕೊರೋನ ಹಿಡಿಸಿಕೊಂಡು ಬರುತ್ತಿದ್ದ ಕಾಲ ಅದು. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ.

“ಸಪಾದ ಭಕ್ಷ್ಯ ಲೆಕ್ಕ ಇಲ್ವಾ ಹಾಗಾದ್ರೆ?” ಅತ್ತೆ ಜಗಲಿಯಿಂದಲೇ ಕೇಳಿದರು.

“ಅದೆಂತದು ಅಜ್ಜಿ?”

ನಾನೇ ಹೇಳಬೇಕಾಯಿತು. ಊರಿನ ಕಷ್ಟ ಕಳೆಯಲಿ ಎಂದು ಹರಕೆ ಹೊತ್ತು ಪ್ರತಿ ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ ಮಾಡಿಸುತ್ತಿದ್ದೆವು. ಭಟ್ಟರು ಫೋನಿನಲ್ಲೇ ಮಂತ್ರ, ಕಥೆ ಹೇಳುತ್ತಿದ್ದರು. ನೈವೇದ್ಯಕ್ಕೆ ಗೋಧಿ ರವೆ, ತುಪ್ಪ, ಹಾಲು, ಸಕ್ಕರೆ, ಬಾಳೆಹಣ್ಣಿನ ಭಕ್ಷ್ಯ. ಹಂಚಲು ಜನವಿಲ್ಲ, ಎಸೆಯುವಂತಿಲ್ಲ. ಫ್ರಿಜ್ಜಿನಲ್ಲಿಟ್ಟು, ದಿನಾ ಮಿಂದು ಬಂದು ಒಂದು ಚಿಟಿಕೆ ಬಾಯಿಗೆ ಹಾಕುತ್ತಿದ್ದೆ. ಪ್ರಸಾದವನ್ನು ತಿಂಡಿ ಎಂದು ಯಾರಾದರೂ ಎಣಿಸುತ್ತಾರೆಯೇ?

“ನೀವು ಪ್ರಸಾದ ಅಂತ ತಿಂದ್ರೂ ಕರುಳಿಗೆ ಅದು ಗೋಧಿಯೇ ಅಮ್ಮಾ,” ಎಂದರು ಡಾಕ್ಟರು. “ಈಗ ಬರುದು ಬೇಡ. ಅದನ್ನು ಬಿಡಿ, ಮೂರು ತಿಂಗಳು ಕಳೆದು ರಕ್ತ ನೋಡುವ.”

ಬಿಡುವುದು ಹೇಗೆ? ಪ್ರಸಾದ ಬಿಟ್ಟವರ ಹಡಗು ಮುಳುಗಿದ್ದು, ಮಕ್ಕಳು ಸತ್ತದ್ದು ಆ ವ್ರತದ ಕಥೆಯಲ್ಲೇ ಇದೆ. ತಿಂದರೆ ಕರುಳು ಕೆಡುತ್ತದೆ, ಬಿಟ್ಟರೆ ದೇವರು ಮುನಿಯುತ್ತಾನೆ. ಎರಡು ದಿನ ನನಗೆ ಊಟವೂ ಸೇರಲಿಲ್ಲ. ಕೊನೆಗೆ ಭಟ್ಟರಿಗೆ ಫೋನ್ ಮಾಡಿದೆ.

ಅವರು ನಕ್ಕರು. “ಗೋಧಿ ಇಲ್ಲದಿದ್ರೆ ಅಕ್ಕಿ ಹಿಟ್ಟು ಆಗ್ತದೆ ಅಂತ ಕಥೆಯ ಸುರುವಿಗೇ ಉಂಟಲ್ಲ ಮಾರಾಯ್ರೆ! ಇಷ್ಟು ವರ್ಷ ನೀವು ಕೇಳಿದ್ದೆಂತ?”

“ಕಥೆ ಸುರುವಾಗುವಾಗ ನಾನು ಅಡಿಗೆಮನೆಯಲ್ಲಿ ಆ ಭಕ್ಷ್ಯವನ್ನೇ ಹುರಿತಾ ಇರ್ತೇನಲ್ಲ ಭಟ್ರೇ!”

ಮುಂದಿನ ಹುಣ್ಣಿಮೆಗೆ ಅಕ್ಕಿ ಹಿಟ್ಟು ಹುರಿದೆ. ಹಾಲು ಹೆಚ್ಚಾಗಿ ಎಲ್ಲ ಗಂಟುಗಂಟು. ಅತ್ತೆ ಬಾಯಿಗಿಟ್ಟು, “ಇದೆಂತ, ಪ್ರಸಾದವಾ ಅಂಟಾ?” ಎಂದರು. ಆದರೂ ಇನ್ನೊಂದು ಸಲ ಕೈ ಒಡ್ಡಿದರು. ನಾನು ಬಾಳೆಲೆಯಲ್ಲಿ ಬಡಿಸಿಕೊಂಡು ಹೊಟ್ಟೆ ತುಂಬ ತಿಂದೆ.

ಮೂರು ತಿಂಗಳ ಮೇಲೆ ರಿಪೋರ್ಟಿನ ಅಂಕೆ ಇಳಿದಿತ್ತು. ಮಂಗಳೂರಿಗೆ ಹೋಗುವುದು ತಪ್ಪಿತು. ಅತ್ತೆಗೆ ಒಂದು ಶೀತವೂ ಬರಲಿಲ್ಲ.

ಈಗ ಊರವರೆಲ್ಲ ಪೂಜೆಗೆ ಕರೆಯುತ್ತಾರೆ. ಬೇರೆಯವರ ಮನೆಯಲ್ಲಿ ಗೋಧಿಯದೇ ಭಕ್ಷ್ಯ. ಅದನ್ನು ಕಣ್ಣಿಗೊತ್ತಿಕೊಂಡು ಇವರ ಕೈಗೆ ಕೊಟ್ಟು ಕೈ ತೊಳೆಯುತ್ತೇನೆ.

“ನಿನ್ನ ಪಾಲೂ ತಿಂದು ತಿಂದು ನನಗೆ ಶುಗರ್ ಬರ್ತದೆ ನೋಡು,” ಎನ್ನುತ್ತಾರೆ ಇವರು, ಬೆರಳು ನೆಕ್ಕುತ್ತ.

ಇದುವರೆಗೆ ಬಂದಿಲ್ಲ. ಅದೂ ದೇವರ ದಯೆ.