ಯಾವ ಗೌರಿ

ನನಗೆ ಇದೆ ಎಂದು ನಾನು ನಂಬಿಕೊಂಡಿದ್ದ ರೋಗವನ್ನು ನಮ್ಮ ಅಕ್ಕನ ತಲೆಗೆ ಕಟ್ಟಿದೆ. ತಿಳಿಯದೆ ಆದದ್ದಲ್ಲ, ಬಾಯಿ ತಪ್ಪಿ ಬಂದದ್ದೂ ಅಲ್ಲ. ಯಾರದ್ದು ಎಂದು ಕೇಳಿದರು, ನಾನು ಅವಳ ಹೆಸರು ಹೇಳಿದೆ. ಹನ್ನೊಂದು ವರ್ಷವಾಯಿತು. ಗಂಡನಿಗೂ ಹೇಳಿಲ್ಲ. ಇದನ್ನು ಬರೆಯಲು ಕೂತಾಗಿನಿಂದ ಬಾಗಿಲ ಕಡೆ ಎರಡು ಸಲ ತಿರುಗಿ ನೋಡಿದ್ದೇನೆ.

ಅಜ್ಜಂಪುರದ ನಮ್ಮ ಮನೆಯಲ್ಲಿ ಇಬ್ಬರು ಗೌರಮ್ಮಂದಿರು. ಅಜ್ಜಿ ತೀರಿಕೊಂಡ ಮೇಲೆ ಆಕೆಯ ಹೆಸರನ್ನು ಮಗಳಿಗೆ ಇಡಬೇಕೆಂದು ದೊಡ್ಡಪ್ಪನಿಗೂ ಆಸೆ, ಅಪ್ಪನಿಗೂ ಆಸೆ. ದೊಡ್ಡಪ್ಪನ ಮಗಳು ಮೊದಲು ಹುಟ್ಟಿ ಹೆಸರು ತೆಗೆದುಕೊಂಡಳು. ಎರಡು ವರ್ಷದ ಮೇಲೆ ನಾನು ಹುಟ್ಟಿದಾಗ ಆಕೆ ನನಗೂ ತಾಯಿಯೇ ಅಲ್ಲವೇ ಎಂದು ಅಪ್ಪ ಅದನ್ನೇ ಇಟ್ಟರು. ಅವಳು ದೊಡ್ಡಗೌರಿ, ನಾನು ಚಿಕ್ಕಗೌರಿ. ಹಿತ್ತಲಿನಿಂದ ಯಾರಾದರೂ ಬರೀ ಗೌರಿ ಎಂದು ಕರೆದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಕೊನೆಗೆ ಎದ್ದು ಹೋಗುತ್ತಿದ್ದವಳು ಅವಳೇ, ನಾನು ಸೋಮಾರಿ. ಎಸ್ಸೆಸ್ಸೆಲ್ಸಿಗೆ ಅವಳ ಓದು ನಿಂತಿತು. ನನ್ನನ್ನು ಕಡೂರಿನ ಕಾಲೇಜಿಗೆ ಕಳಿಸಲೇಬೇಕು ಎಂದು ದೊಡ್ಡಪ್ಪನ ಹತ್ತಿರ ಹಟ ಹಿಡಿದವಳೂ ಅವಳೇ.

ಎಮರ್ಜೆನ್ಸಿ ಮುಗಿದ ವರ್ಷ ನಾನು ಬಿ.ಎ. ಸೇರಿದೆ. ದಿನಾ ಬೆಳಿಗ್ಗೆ ರೈಲಿನಲ್ಲಿ ಬೀರೂರು ದಾಟಿ ಕಡೂರಿಗೆ ಹೋಗಿ ಬರುವುದು. ಸೈಕಾಲಜಿ ತೆಗೆದುಕೊಂಡದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ — ಅದರಲ್ಲಿ ಲೆಕ್ಕ ಕಮ್ಮಿ ಎಂದು ಯಾರೋ ಹೇಳಿದ್ದರು. ನೆನಪು, ಕಲಿಕೆ, ಬುದ್ಧಿಶಕ್ತಿ ಎಂದು ಪಾಠ ಹಾಯಾಗಿ ನಡೆಯಿತು. ಆಮೇಲೆ ಅಪಸಾಮಾನ್ಯ ಮನೋವಿಜ್ಞಾನದ ಅಧ್ಯಾಯ ಬಂತು. ಮೇಷ್ಟ್ರು ನೋಟ್ಸ್ ಬರೆಸುತ್ತಾ ಹೋದರು. ಗೀಳು ಎಂದರೇನು, ಭ್ರಮೆ ಎಂದರೇನು, ಯಾರೂ ಇಲ್ಲದೆ ದನಿ ಕೇಳಿಸುವುದು ಎಂದರೇನು. ಪ್ರತಿ ವರ್ಷ ಈ ಪಾಠ ಶುರುವಾದರೆ ಅರ್ಧ ಕ್ಲಾಸಿಗೆ ಎಲ್ಲ ಕಾಯಿಲೆಯೂ ಬರುತ್ತದೆ, ನಿಮಗೂ ಬರುತ್ತದೆ, ಹೆದರಬೇಡಿ ಎಂದು ನಕ್ಕರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಗುವವರಿಗೆ ಏನೂ ಇಲ್ಲ, ಅದಕ್ಕೇ ನಗುತ್ತಿದ್ದಾರೆ ಅನ್ನಿಸಿತು.

ಏಕೆಂದರೆ ನನಗೆ ಚಿಲಕದ ಚಾಳಿ ಇತ್ತು. ಬಾಗಿಲು ಹಾಕಿದ ಮೇಲೆ ಮತ್ತೆ ಹೋಗಿ ಮುಟ್ಟಿ ನೋಡುವುದು. ಮೆಟ್ಟಿಲು ಎಣಿಸುವುದು, ಎಣಿಕೆ ತಪ್ಪಿದರೆ ಇಳಿದು ಮತ್ತೆ ಹತ್ತುವುದು. ಮನೆಯವರು ಅದನ್ನು ಚಿಕ್ಕಗೌರಿಯ ಅಡ್ಡಬುದ್ಧಿ ಎಂದು ಬಿಟ್ಟಿದ್ದರು. ಈಗ ಅದಕ್ಕೊಂದು ಹೆಸರು ಸಿಕ್ಕಿತು. ಇನ್ನೊಂದು ಇತ್ತು — ಬೀರೂರು ಪ್ಲಾಟ್‌ಫಾರಮ್ಮಿನ ಗಲಾಟೆಯಲ್ಲಿ ಯಾರೋ ಗೌರಿ ಎಂದು ಕರೆದ ಹಾಗೆ ಕೇಳುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಒಂದೇ ಸಲ ಕರೆಯುವುದು ದೆವ್ವ, ಓಗೊಡಬಾರದು ಎಂದು ಅಮ್ಮ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರಿಂದ ಸುಮ್ಮನಿರುತ್ತಿದ್ದೆ. ಒಂದೇ ಹೆಸರಿನ ಇಬ್ಬರು ಬೆಳೆದ ಮನೆ, ತನ್ನದಲ್ಲದ ಕರೆಗೂ ಕಿವಿ ನೆಟ್ಟಗಾಗುತ್ತದೆ, ಅಷ್ಟೇ. ಈಗ ಹಾಗನ್ನುತ್ತೇನೆ. ಆಗ ಮೇಷ್ಟ್ರ ನೋಟ್ಸಿನಲ್ಲಿ ಅದೂ ಇತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಚೌಳಹಿರಿಯೂರಿನ ಸೋದರಮಾವ ಇದ್ದ, ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ. ತಲೆ ಸರಿಯಿಲ್ಲವೆಂದು ಅವನನ್ನು ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇಟ್ಟಿದ್ದರು. ಊಟದ ತಟ್ಟೆ ಒಳಗೆ ತಳ್ಳುತ್ತಿದ್ದರು. ಒಮ್ಮೆ ಅವನು ಬಾಗಿಲ ಸಂದಿಯಿಂದ ನನ್ನನ್ನು ನೋಡಿ, ಬಾ ಮಗಾ ಎಂದಿದ್ದ. ನಾನು ಓಡಿಬಂದಿದ್ದೆ. ಆನುವಂಶಿಕ ಎಂಬ ಮಾತನ್ನು ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದ ದಿನ ನನಗೆ ನೆನಪಾದದ್ದು ಅವನೇ. ಆ ಕೋಣೆಯಲ್ಲಿ ನಾನು ಕೂತಿದ್ದೇನೆ, ಅಮ್ಮ ತಟ್ಟೆ ತಳ್ಳುತ್ತಿದ್ದಾಳೆ — ಕಣ್ಣು ಮುಚ್ಚಿದರೆ ಇದೇ.

ಹೆದರಿಕೆ ತಡೆಯಲಾರದೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದೆ. ರೋಗಿಯ ವಿವರ ಹೇಗೆ ಬರೆಯಬೇಕು ಎಂದು ಮೇಷ್ಟ್ರು ತೋರಿಸಿದ್ದರಲ್ಲ, ಅದೇ ರೀತಿ. ಹೆಸರು: ಗೌರಮ್ಮ. ವಯಸ್ಸಿನ ಜಾಗ ಖಾಲಿ ಬಿಟ್ಟೆ, ಬರೆಯಲು ಕೈ ಬರಲಿಲ್ಲ. ಇವರು ಚಿಲಕವನ್ನು ದಿನಕ್ಕೆ ಇಷ್ಟು ಸಲ ಮುಟ್ಟುತ್ತಾರೆ. ಇವರಿಗೆ ಯಾರೂ ಇಲ್ಲದಾಗ ದನಿ ಕೇಳಿಸುತ್ತದೆ. ಬೇರೆ ಯಾರದ್ದೋ ಎಂಬ ಹಾಗೆ ಬರೆದರೆ ಎದೆ ಸ್ವಲ್ಪ ಹಗುರವಾಗುತ್ತಿತ್ತು.

ಅದೇ ಸಮಯಕ್ಕೆ ದೊಡ್ಡಗೌರಿಗೆ ತರೀಕೆರೆಯಲ್ಲಿ ಗಂಡು ಗೊತ್ತಾಗಿತ್ತು. ಮಿಡ್ಲ್ ಸ್ಕೂಲ್ ಮೇಷ್ಟ್ರು, ಮೆತ್ತಗಿನ ಮನುಷ್ಯ. ವೀಳ್ಯಶಾಸ್ತ್ರಕ್ಕೆ ದಿನವೂ ಇಟ್ಟಾಗಿತ್ತು. ಅವಳಿಗೆ ಅವನು ಇಷ್ಟವಾಗಿದ್ದ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ತರೀಕೆರೆ ರೈಲು ಬೀರೂರಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕಾರಣವಿಲ್ಲದೆ ನನ್ನನ್ನು ಕೇಳುತ್ತಿದ್ದಳು. ಆ ಹುಡುಗನ ಚಿಕ್ಕಪ್ಪನ ಮಗಳು ಸುಶೀಲ ನನ್ನ ಕ್ಲಾಸಿನವಳು, ಕಡೂರಿನಲ್ಲಿ ನೆಂಟರ ಮನೆಯಲ್ಲಿದ್ದು ಓದುತ್ತಿದ್ದಳು.

ಒಂದು ಮಧ್ಯಾಹ್ನ ಸುಶೀಲ ನೋಟ್ಸ್ ಬರೆದುಕೊಳ್ಳಲು ನನ್ನ ಪುಸ್ತಕ ಕೇಳಿದಳು. ಕೊಟ್ಟೆ. ಹಿಂದಿನ ಹಾಳೆ ನೆನಪಾಗುವಷ್ಟರಲ್ಲಿ ಅವಳು ಅದನ್ನೇ ಓದುತ್ತಿದ್ದಳು. ಹುಡುಗಿಯರ ಕೋಣೆಯಲ್ಲಿ ನಾವಿಬ್ಬರೇ. ಅವಳು ತಲೆಯೆತ್ತಿ ನಿಧಾನವಾಗಿ ಕೇಳಿದಳು:

"ಇದು ಯಾವ ಗೌರಿ ಕಣೇ?"

ನಾನೇ ಎನ್ನಬಹುದಿತ್ತು. ಸುಮ್ಮನೆ ಬರೆದದ್ದು, ಪರೀಕ್ಷೆಗೆ ಎನ್ನಬಹುದಿತ್ತು. ಇಲ್ಲದ ಮೂರನೆಯ ಗೌರಿಯನ್ನಾದರೂ ಹುಟ್ಟಿಸಬಹುದಿತ್ತು. ಆ ಕ್ಷಣ ನನಗೆ ಕಂಡದ್ದು ಮಾವನ ಕೋಣೆಯ ಬಾಗಿಲು ಮಾತ್ರ.

"ದೊಡ್ಗೌರಿ," ಅಂದೆ. "ಯಾರ್ಗೂ ಹೇಳ್ಬೇಡ ಕಣೇ."

ಆ ಎರಡನೆಯ ಮಾತು ಇಲ್ಲದಿದ್ದರೆ ಅವಳು ನಂಬುತ್ತಿರಲಿಲ್ಲವೇನೋ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. ಸುಶೀಲ ಕೆಟ್ಟವಳಲ್ಲ. ಅಣ್ಣನ ಬಾಳು ಎಂದು ಅವಳು ಮನೆಯಲ್ಲಿ ಹೇಳಿದ್ದರೆ ತಪ್ಪಿಲ್ಲ. ವೀಳ್ಯಕ್ಕೆ ಇನ್ನೂ ಒಂಬತ್ತು ದಿನವಿತ್ತು. ಒಂಬತ್ತು ದಿನವೂ ನಾನು ಕಾಲೇಜಿಗೆ ಹೋದೆ, ಅವಳ ಪಕ್ಕದಲ್ಲೇ ಕೂತೆ — ಒಂದು ಮಾತು ಎತ್ತಲಿಲ್ಲ.

ತರೀಕೆರೆಯಿಂದ ಹಿರಿಯರೊಬ್ಬರು ಬಂದು, ಕಾಫಿ ಕುಡಿದು, ಹುಡುಗನ ತಾಯಿಗೆ ಹುಷಾರಿಲ್ಲ, ಸದ್ಯಕ್ಕೆ ಬೇಡ ಎಂದು ಹೋದರು. ನಿಜವಾದ ಕಾರಣ ತಿಂಗಳೆರಡರ ಮೇಲೆ ಊರಿನ ಬಾಯಿಂದ ಬಂತು. ಹುಡುಗಿಗೆ ತಲೆ ಸರಿಯಿಲ್ಲವಂತೆ, ಕಾಲೇಜಿನ ಪುಸ್ತಕದಲ್ಲೇ ಬರೆದಿದೆಯಂತೆ. ದೊಡ್ಡಪ್ಪ ನನ್ನನ್ನು ತಮ್ಮ ಅಂಗಡಿಯ ಹಿಂದೆ ಕರೆದು ಕೂರಿಸಿದರು.

"ಅದ್ನೇ ಓದ್ತಿದೀಯಲ್ಲವ್ವಾ ನೀನು. ನೋಡಿದ್ರೆ ಗೊತ್ತಾಗಲ್ವಾ? ಅವಳಿಗೇನಾದ್ರೂ ಐತಾ?"

ಇಲ್ಲ ಎಂದರೆ ಮತ್ತೆ ಪುಸ್ತಕದಲ್ಲಿರುವವರು ಯಾರು ಎಂದು ಕೇಳುತ್ತಾರೆ. ಅದನ್ನು ಲೆಕ್ಕ ಹಾಕಿದೆ — ಹೌದು, ಕೂತು ಲೆಕ್ಕ ಹಾಕಿದೆ — ಸ್ವಲ್ಪ ಇರಬಹುದು ದೊಡ್ಡಪ್ಪ, ಎಂದೆ. ಮೊದಲನೆಯದು ಹೆದರಿಕೆಯಲ್ಲಿ ಆಡಿದ ಮಾತು. ಇದು ಯೋಚಿಸಿ ಆಡಿದ್ದು. ನನ್ನನ್ನು ನಾನೇ ಯಾವತ್ತೂ ಕ್ಷಮಿಸಲಾರದ್ದು ಇದು.

ಆಮೇಲೆ ಮನೆಯವರು ಅವಳನ್ನು ನೋಡುವ ರೀತಿಯೇ ಬದಲಾಯಿತು. ಒಬ್ಬಳೇ ನಕ್ಕರೆ ಯಾಕೆ ನಕ್ಕಳು ಎನ್ನುವರು, ಅತ್ತರೆ ನೋಡಿದಿರಾ ಎನ್ನುವರು. ಮದುವೆ ಮುರಿದವಳು ಅಳದೆ ಏನು ಮಾಡಬೇಕಿತ್ತು? ಹರಕೆ ಹೊತ್ತರು, ಪೇಟೆಯ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಕೇಳಿದ್ದಕ್ಕೆಲ್ಲ ದೊಡ್ಡಮ್ಮ ಊರವರ ಮಾತನ್ನೇ ಹೇಳಿದರು, ಅವರು ಮಾತ್ರೆ ಕೊಟ್ಟರು. ಮಾತ್ರೆ ತಿಂದು ಅವಳ ಮಾತು ನಿಧಾನವಾಯಿತು, ನಡಿಗೆ ನಿಧಾನವಾಯಿತು. ಅದನ್ನು ಕಂಡವರು ರೋಗ ನಿಜವೇ ಎಂದರು. ನನ್ನ ಕಥೆ ಹೇಳಲೇ? ಪರೀಕ್ಷೆ ಮುಗಿಯಿತು, ಮುಂದಿನ ವರ್ಷ ಬೇರೆ ಪಾಠ ಬಂತು, ಚಿಲಕ ಮುಟ್ಟುವುದು ತಾನೇ ಕಮ್ಮಿಯಾಯಿತು. ಬಿ.ಎ. ಆಯಿತು, ಸ್ಕೂಲ್ ಮೇಡಂ ಆದೆ, ಮದುವೆಯಾಗಿ ಕಡೂರಿನಲ್ಲಿ ಮನೆ ಮಾಡಿದೆ. ನನಗೆ ಏನೂ ಇರಲಿಲ್ಲ.

ಈಗ ಅಕ್ಕನಿಗೆ ಮೂವತ್ತೆರಡು. ತನ್ನ ಒಡಹುಟ್ಟಿದ ಅಣ್ಣನ ಮನೆಯಲ್ಲಿದ್ದಾಳೆ. ಅತ್ತಿಗೆ ಕೂಸನ್ನು ಅವಳ ಕೈಗೆ ಕೊಡುವುದಿಲ್ಲ, ಅವಳೂ ಕೇಳುವುದಿಲ್ಲ. ಹೋದ ತಿಂಗಳು ಊರಿಗೆ ಹೋದಾಗ ನನ್ನ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ನೀನು ಓದ್ದೋಳು, ಅದ್ಕೆ ಕೇಳ್ತೀನಿ. ನಂಗಿದು ಹುಟ್ಟಿದಾಗ್ಲಿಂದ ಐತಾ, ಆಮೇಲೆ ಬಂತಾ? ನಂಗೆ ಗ್ಯಾಪಕಾನೇ ಇಲ್ಲ ಕಣೇ."

ನಾನು ಅವರೆಕಾಯಿ ಸಿಪ್ಪೆ ಬಾಚಿಕೊಂಡು ಎದ್ದು ಹೋದೆ. ಹತ್ತೊಂಬತ್ತರ ಹುಡುಗಿ ಹೆದರಿದಳು ಎನ್ನಬಹುದು, ಮೂವತ್ತರ ಹೆಂಗಸಿಗೆ ಏನನ್ನುವುದು?

ಈ ಭಾನುವಾರ ಹೋಗುತ್ತೇನೆ. ದೊಡ್ಡಪ್ಪ, ಅಣ್ಣ, ಅತ್ತಿಗೆ ಎಲ್ಲರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಡಾಕ್ಟರ ಮುಂದೆಯೂ ಹೇಳಬೇಕು, ಮಾತ್ರೆಯ ವಿಷಯ ಅವರೇ ನೋಡಲಿ. ಅದಕ್ಕೂ ಮೊದಲು ನನ್ನ ಗಂಡನಿಗೆ ಹೇಳಬೇಕು. ಆಮೇಲೆ ಈ ಮನೆಯಲ್ಲಿ ನನ್ನನ್ನು ಹೇಗೆ ನೋಡುತ್ತಾರೋ — ನೋಡಲಿ. ಅಕ್ಕ ಬೈದರೆ, ಹೊಡೆದರೆ ತಡೆದುಕೊಳ್ಳುತ್ತೇನೆ, ಇನ್ನು ಮುಖ ನೋಡಬೇಡ ಎಂದರೂ ಸರಿಯೇ. ನನಗೆ ಇರುವ ಭಯ ಅದಲ್ಲ. ನಿನಗೆ ಯಾವತ್ತೂ ಏನೂ ಆಗಿರಲಿಲ್ಲ ಎಂದು ನಾನು ಹೇಳಿದಾಗ, ಅವಳು ಆ ನಿಧಾನದ ದನಿಯಲ್ಲಿ, ಪಾಪ, ನನ್ ಸಮಾಧಾನಕ್ಕೆ ಸುಳ್ಳು ಹೇಳ್ತಿದೀಯ ಕಣೇ ಎಂದು ನನ್ನ ಬೆನ್ನು ಸವರಿದರೆ?